ಪಂಪಿನೊಳಗಿನ ಕಲ್ಲು

ಹುಚ್ಚರಂಗಯ್ಯನನ್ನು ಬಾವಿಗೆ ಕರೆಸಿಕೊಂಡವರೆಲ್ಲ ಒಂದಲ್ಲ ಒಂದು ಸಲ ಅವನನ್ನು ಬೈದೇ ಬೈದಿದ್ದಾರೆ. ಬೈಯದೆ ಏನು ಮಾಡಿಯಾರು ಹೇಳಿ! ಮೋಟಾರು ಸರಿಯಾಗಿದೆ, ಪಂಪು ಸರಿಯಾಗಿದೆ, ನಿನ್ನೆ ಸಂಜೆಯವರೆಗೂ ತೋಳುಗಾತ್ರ ನೀರು ಎತ್ತಿ ಸುರಿದಿದೆ. ಬೆಳಿಗ್ಗೆ ಬಂದು ಸ್ವಿಚ್ ಹಾಕಿದರೆ ಮುಗಿಯಿತು. ಈ ಮಹಾರಾಯ ಹಾಗೆ ಮಾಡುವವನಲ್ಲ. ಮೊದಲು ಸ್ಪ್ಯಾನರ್ ತೆಗೆಯುತ್ತಾನೆ. ಪಂಪಿನ ಮುಚ್ಚಳದ ನಟ್ಟುಗಳನ್ನು ಒಂದೊಂದಾಗಿ ಬಿಚ್ಚಿ ಟವೆಲಿನ ಮೇಲೆ ಇಡುತ್ತಾನೆ. ಒಳಗೆ ಇಂಪೆಲ್ಲರ್ ಇರುತ್ತದೆ. ನೀರನ್ನು ಸೆಳೆದು ಮೇಲಕ್ಕೆ ಎಸೆಯುವ, ರೆಕ್ಕೆಗಳಿರುವ ಚಕ್ರ ಅದು. ಅದರ ನಡುವಿನ ತೂತಿಗೆ ಬೆರಳು ತೂರಿಸಿ, ಒಂದೊಂದು ರೆಕ್ಕೆಯ ಸಂದನ್ನೂ ತಡವಿ, ಚಕ್ರವನ್ನು ಕೈಯಲ್ಲಿ ತಿರುಗಿಸಿ, ಸವೆದಿದೆಯೋ ಸೀಳಿದೆಯೋ ನೋಡಿ, ಆಮೇಲೆ ಮುಚ್ಚುತ್ತಾನೆ. ಅಷ್ಟರಲ್ಲಿ ಬಿಸಿಲು ಏರಿರುತ್ತದೆ.

"ಓಡೋ ಪಂಪ್ ಬಿಚ್ಕೊಂಡು ಕೂತವ್ನಲ್ಲಪ್ಪ, ಇವನಿಗೇನು ಗ್ರಹಚಾರ! ಅದ್ರೊಳಗೇನ್ ಹುಡುಕ್ತೀಯೋ, ನಿಧಿ ಗಿಧಿ ಐತಾ?" ಎಂದು ತೋಟದವರು ರೇಗುತ್ತಾರೆ.

"ಕಲ್ಲು ಕಣಪ್ಪ," ಎನ್ನುತ್ತಾನೆ ಅವನು, ತಲೆ ಎತ್ತದೆ.

ಅದಕ್ಕೆ ಜನ ನಗುತ್ತಾರೆ. ಅಂಥವರನ್ನು ಕಂಡರೆ ಮೈ ಉರಿಯುತ್ತದೆ. ನಗುವವರಲ್ಲಿ ಅರ್ಧ ಜನಕ್ಕೆ ನಡೆದದ್ದು ಗೊತ್ತಿಲ್ಲ. ಗೊತ್ತಿದೆ ಎಂದುಕೊಂಡವರಿಗೂ ಅರ್ಧವೇ ಗೊತ್ತು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ತುರುವೇಕೆರೆ ಕಡೆಯ ಎಷ್ಟೋ ತೋಟಗಳಿಗೆ ಕರೆಂಟಿನ ಕಂಬ ಇನ್ನೂ ಬಂದಿರಲಿಲ್ಲ. ಹುಚ್ಚರಂಗಯ್ಯನ ಹತ್ತಿರ ಒಂದು ಡೀಸೆಲ್ ಎಂಜಿನ್ ಇತ್ತು. ಅದನ್ನು ಎತ್ತಿನ ಗಾಡಿಯ ಮೇಲೆ ಬಿಗಿದು ಊರೂರು ತಿರುಗುತ್ತಿದ್ದ. ಬೇಸಗೆಯಲ್ಲಿ ಬಾವಿಯ ಹೂಳು ತೆಗೆಯುವವರು, ಆಳ ಮಾಡಿಸುವವರು ಅವನಿಗೆ ಹೇಳಿ ಕಳಿಸುತ್ತಿದ್ದರು. ಬಾವಿ ಬರಿದು ಮಾಡಿ ಕೊಡುವುದು ಅವನ ಕೆಲಸ. ಕೆಳಗಿಳಿದು ಅಗೆಯುವುದು ಅವನ ಬಾಮೈದ ಸಣ್ಣತಿಮ್ಮಯ್ಯನ ಕೆಲಸ. ಊರಿಗೆಲ್ಲ ಸಣ್ಣತಿಮ್ಮಯ್ಯ, ಮನೆಯಲ್ಲಿ ಬರೀ ತಿಮ್ಮ. ಅಕ್ಕ ಭೈರಮ್ಮನ ಸೊಂಟದ ಮೇಲೆ ಬೆಳೆದ ಕೂಸು ಅವನು. ತಾಯಿ ತೀರಿಕೊಂಡಾಗ ಇನ್ನೂ ಅಂಬೆಗಾಲಿಕ್ಕುತ್ತಿದ್ದ. ಭೈರಮ್ಮ ಮದುವೆಯಾಗಿ ಬರುವಾಗ ಟ್ರಂಕಿನ ಜೊತೆಗೆ ಅವನನ್ನೂ ಕರೆತಂದಿದ್ದಳು. ಸ್ವಂತ ಮಕ್ಕಳಾಗಲಿಲ್ಲ. ಮಗನೂ ಅವನೇ ತಮ್ಮನೂ ಅವನೇ ಎಂದುಕೊಂಡು ಗಂಡಹೆಂಡಿರಿಬ್ಬರೂ ಅವನ ಮೇಲೆ ಜೀವ ಇಟ್ಟುಕೊಂಡಿದ್ದರು.

ಭಾವ ಬಾಮೈದರ ಬಾಯಿಗೆ ಬಿಡುವೇ ಇರಲಿಲ್ಲ. ತಿಮ್ಮ ಭಾವನ ಎಂಜಿನ್ನಿಗೆ "ನಮ್ಮಕ್ಕನ ಸವತಿ" ಎಂದು ಹೆಸರಿಟ್ಟಿದ್ದ. "ಭಾವ, ಸವತಿಗೆ ಬೆಳಗ್ಗೆ ಎಣ್ಣೆ ಹಚ್ಚಿದೆ, ನಮ್ಮಕ್ಕನ ತಲೆಗೆ ಯಾವಾಗ ಹಚ್ಚೋದು?" ಎಂದು ಅಕ್ಕನ ಎದುರೇ ಕೇಳಿ, ಸೌಟಿನ ಏಟು ತಪ್ಪಿಸಿಕೊಂಡು ಓಡುತ್ತಿದ್ದ.

ಭೈರಮ್ಮನ ಕೈ ಸುಮ್ಮನೆ ಕೂತದ್ದನ್ನು ಯಾರೂ ಕಂಡವರಿಲ್ಲ. ಕಾಯಿ ಸುಲಿದ ಮಟ್ಟೆಯನ್ನು ನೆನೆಹಾಕಿ, ಬಡಿದು, ನಾರು ಬಿಡಿಸಿ, ಮಾತಾಡುತ್ತ ಆಡುತ್ತಲೇ ಹುರಿ ಹೊಸೆದು ಬಿಡುತ್ತಿದ್ದಳು. ಅವಳು ಹೊಸೆದ ಸೇದೋ ಹಗ್ಗ ಅಂದರೆ ಅರಳಗುಪ್ಪೆ ಕಡೆಯಿಂದಲೂ ಕೇಳಿಕೊಂಡು ಬರುತ್ತಿದ್ದರು.

ಆ ವರ್ಷ ಹುಚ್ಚರಂಗಯ್ಯನ ಪಂಪಿನ ಫುಟ್‌ವಾಲಿನ ಜಾಲರಿ ತುಕ್ಕು ಹಿಡಿದು ಉದುರಿಹೋಯಿತು. ಫುಟ್‌ವಾಲ್ ಎಂದರೆ ಪೈಪಿನ ಕೆಳತುದಿ, ಬಾವಿಯ ನೀರಿನಲ್ಲಿ ಮುಳುಗಿರುವ ಬಾಯಿ. ಕಸಕಡ್ಡಿ ಪಂಪಿನೊಳಗೆ ಹೋಗದಂತೆ ಆ ಬಾಯಿಗೆ ಕಬ್ಬಿಣದ ಜಾಲರಿ ಇರಬೇಕು. ತಿಪಟೂರಿಗೆ ಹೋಗಿ ಹೊಸದೊಂದು ತಂದಿದ್ದರೆ ಕತೆಯೇ ಬೇರೆ. ಆದರೆ ತೆಂಗಿನ ಸೀಮೆಯವರಿಗೆ ನಾರಿನ ಮೇಲೆ ಎಲ್ಲಿಲ್ಲದ ನಂಬಿಕೆ. ಬಾಗಿಲ ಚಿಲಕ ಮುರಿದರೆ ನಾರು, ಗಾಡಿಯ ನೊಗ ಸೀಳಿದರೆ ನಾರು, ಪಾತ್ರೆ ತಿಕ್ಕಲು ನಾರು, ಹೆಣ ಕಟ್ಟಲೂ ನಾರು.

"ತೆಂಗಿನ ತೋಟದಾಗೆ ಹುಟ್ಟಿ ಒಂದು ಜಾಲರಿಗೆ ತಿಪಟೂರ್ ಬಸ್ ಹತ್ತಾದಾ? ನೀರಾಗೆ ಕೊಳೀದೆ ಇರೋದು ಅಂದ್ರೆ ನಾರೊಂದೇ ಕಣೇ. ಬಿಗಿಯಾಗಿ ಒಂದು ಚೀಲ ಹೆಣೆದು ಕೊಡು," ಎಂದ ಹೆಂಡತಿಗೆ.

"ಹಗ್ಗ ಹಗ್ಗಾನೇ ಕಣ್ರೀ, ಕಬ್ಬಿಣ ಆಯ್ತದಾ? ಆ ಪಂಪು ಸೆಳೆಯೋ ಸೆಳೆತಕ್ಕೆ..." ಎಂದು ಭೈರಮ್ಮ ಅನುಮಾನಿಸಿದಳು.

"ನಿನ್ ಕೈ ಹುರಿ ಕಿತ್ತೋಗದು ಉಂಟಾ, ಬುಡು!"

ಹೊಗಳಿಕೆಗೆ ಯಾರು ತಾನೆ ಮಣಿಯುವುದಿಲ್ಲ? ಅವಳು ಕೂತು ಚೀಲ ಹೆಣೆದಳು. ನೀರು ಮಾತ್ರ ನುಸುಳುವಂತೆ ಸಣ್ಣ ಕಣ್ಣಿನ ಚೀಲ. ಮೂರು ಬಾವಿಗಳಲ್ಲಿ ಅದು ಚೆನ್ನಾಗಿಯೇ ನಡೆಯಿತು. ಹುಚ್ಚರಂಗಯ್ಯನಿಗೆ ಜಂಬ ಬಂತು. ಬೇರೆ ಎಂಜಿನ್ನಿನವರಿಗೂ ಕರೆದು ತೋರಿಸಿದ.

ನಾಲ್ಕನೆಯದು ದಂಡಿನಶಿವರದ ಪಕ್ಕದ ಮರುಳಸಿದ್ದಯ್ಯನ ಬಾವಿ. ಹೊಸದಾಗಿ ತೆಂಗಿನ ಸಸಿ ಇಟ್ಟಿದ್ದ ಆಸೆಗಾರ ಮನುಷ್ಯ. ಇನ್ನೊಂದು ಆಳುದ್ದ ಕೆಳಕ್ಕೆ ಹೋದರೆ ಸೆಲೆ ಸಿಕ್ಕೇ ಸಿಗುತ್ತದೆ ಎಂದು ಹಟ ಹಿಡಿದಿದ್ದ. ಬಾವಿಯ ಒಂದು ಮಗ್ಗುಲಿಗೆ ಕಲ್ಲಿನ ಮೆಟ್ಟಿಲು. ಅರ್ಧ ಆಳದಲ್ಲಿ ಬಂಡೆ ಕಡಿದು ಮಾಡಿದ ಕಟ್ಟೆಯ ಮೇಲೆ ಎಂಜಿನ್ನೂ ಪಂಪೂ ಕೂತಿದ್ದವು. ಕೆಳಗೆ ತಿಮ್ಮ, ಅವನ ಜೊತೆಗೆ ಕಲ್ಲು ಒಡೆಯುವ ಇಬ್ಬರು ಬೋವಿಗಳು.

ಬಿಸಿಲು ನೆತ್ತಿಗೆ ಬರುವ ಮುಂಚೆ ತಿಮ್ಮನ ಹಾರೆಯ ಏಟಿಗೆ ಮೂಲೆಯ ಬಂಡೆ ಬಾಯಿ ಬಿಟ್ಟಿತು. ಬುಳಬುಳನೆ ನೀರು ಎದ್ದಿತು. "ಸೆಲೆ ಒಡೀತು ಕಣ್ರಪ್ಪೋ!" ಎಂದು ತಿಮ್ಮ ಕೂಗಿದ್ದು ತೋಟದ ತುದಿಯವರೆಗೂ ಕೇಳಿಸಿತು. ಮೇಲೆ ಮರುಳಸಿದ್ದಯ್ಯ ಕೈ ಮುಗಿದು ಕಾಯಿ ಒಡೆಯಲು ಓಡಿದ. ಕಾಯಿ ಒಡೆದನೋ ಇಲ್ಲವೋ, ಸೆಲೆಯ ಮಗ್ಗುಲಿನ ದಂಡೆಯಿಂದ ದೊಡ್ಡದೊಂದು ಕಲ್ಲು ಜಾರಿ ಬಂದು ತಿಮ್ಮನನ್ನು ಕೆಡವಿ ಅವನ ಕಾಲಿನ ಮೇಲೆ ಕೂತುಬಿಟ್ಟಿತು.

ತಿಮ್ಮ ಕೂತ ಭಂಗಿಯಲ್ಲೇ ಸಿಕ್ಕಿಬಿದ್ದ. ತೊಡೆಯ ಕೆಳಗಿನದೆಲ್ಲ ಕಲ್ಲಿನಡಿ. ಆ ಕಲ್ಲಿನ ಮೇಲೆ ದಂಡೆಯ ಉಳಿದ ಕಲ್ಲುಗಳು ಆತುಕೊಂಡಿದ್ದವು. ಅದನ್ನು ಸರಿಸಿದರೆ ಇಡೀ ದಂಡೆಯೇ ಮೈಮೇಲೆ ಬರುತ್ತದೆ. ಉಳಿ ಹಾಕಿ, ಸುತ್ತಿಗೆಯಿಂದ ಹೊಡೆದು ಅಲ್ಲೇ ಸೀಳಬೇಕು, ಬೇರೆ ದಾರಿಯಿಲ್ಲ ಎಂದರು ಬೋವಿಗಳು. ನೀರಿನೊಳಗೆ ಸುತ್ತಿಗೆಯ ಏಟು ಕೂರುವುದಿಲ್ಲ. ಅಂದರೆ ನೀರು ಇಳಿಯಬೇಕು. ಸೆಲೆಯೋ, ನಿಲ್ಲುವ ಮಾತೇ ಆಡುತ್ತಿರಲಿಲ್ಲ.

"ಹೆದರ್ಬ್ಯಾಡ ಕಣ್ಲಾ ತಿಮ್ಮ! ಪಂಪ್ ಐತೆ!" ಎಂದು ಹುಚ್ಚರಂಗಯ್ಯ ಕಟ್ಟೆಯ ಮೇಲಿಂದ ಕೂಗಿ ಎಂಜಿನ್ನಿನ ಓಟ ಏರಿಸಿದ. ಪಂಪು ಎದೆ ಕೊಟ್ಟು ಎಳೆಯಿತು. ತಿಮ್ಮನ ಸೊಂಟದ ಹತ್ತಿರ ನೀರು ನಿಂತಿತು. ಆಮೇಲೆ ಒಂದು ಗೇಣು ಇಳಿಯಿತು. ಬೋವಿಗಳು ಉಳಿ ಹಿಡಿದು ಕೂತರು.

ಆಗ ಎಂಜಿನ್ನಿನ ಸದ್ದು ಬದಲಾಯಿತು. ಭಾರ ಹೊತ್ತು ಗುಡುಗುಡು ಎನ್ನುತ್ತಿದ್ದದ್ದು ಒಮ್ಮೆಗೇ ಹಗುರಾಗಿ ಬಡಬಡ ಓಡತೊಡಗಿತು. ಮೇಲೆ ಕಾಲುವೆಗೆ ಬೀಳುತ್ತಿದ್ದ ನೀರು ತೋಳುಗಾತ್ರದಿಂದ ಬೆರಳುಗಾತ್ರವಾಗಿ, ಹನಿಯಾಗಿ, ನಿಂತುಹೋಯಿತು.

"ಗಾಳಿ ಹಿಡೀತು!" ಎಂದರು ಮೇಲಿನವರೆಲ್ಲ. ಹುಚ್ಚರಂಗಯ್ಯನಿಗೂ ಹಾಗೇ ಅನ್ನಿಸಿತು. ಅನ್ನಿಸಿತು ಏನು, ಹಾಗೇ ಇರಲಿ ಎಂದು ಅವನ ಮನಸ್ಸು ಬೇಡಿಕೊಂಡಿತು. ಪೈಪಿನ ಸಂದಿನಲ್ಲಿ ಗಾಳಿ ಹೊಕ್ಕರೆ ಈ ಕಡೆಯಲ್ಲಿ ಎಲ್ಲರೂ ಮಾಡುವುದು ಒಂದೇ: ಸಂದಿಗೆ ಸಗಣಿ ಮೆತ್ತಿ, ಪಂಪಿನೊಳಗೆ ಸಗಣಿ ಕದಡಿದ ನೀರು ಹುಯ್ದು ಮತ್ತೆ ಎಂಜಿನ್ ಹತ್ತಿಸುವ ಹ್ಯಾಂಡಲ್ ಹೊಡೆಯುವುದು. ಸಗಣಿ ಬಂತು, ಬಿಂದಿಗೆ ಬಂತು. ಮೆತ್ತಿದ, ಹುಯ್ದ, ಹೊಡೆದ. ಎಂಜಿನ್ ಓಡಿತು, ನೀರು ಬರಲಿಲ್ಲ. ಮತ್ತೆ ಮೆತ್ತಿದ. ಕೆಳಗೆ ನೀರು ತಿಮ್ಮನ ಎದೆಗೆ ಬಂದಿತ್ತು. ಬೋವಿಗಳು ಉಳಿ ಎಸೆದು ಬಿಂದಿಗೆಯಲ್ಲಿ ತೋಡಿ ಮೇಲಕ್ಕೆ ಕೊಡಲು ಶುರುಮಾಡಿದ್ದರು. ಅದು ಎಲ್ಲಿ ಸಾಲುತ್ತದೆ!

"ಭಾವ!" ಎಂದು ತಿಮ್ಮ ಕರೆದ. "ಗಾಳಿ ಅಲ್ಲ ಭಾವ. ಇಲ್ಲಿ ನಾರು ತೇಲ್ತಾ ಐತೆ."

ಹುಚ್ಚರಂಗಯ್ಯ ಎಂಜಿನ್ ನಿಲ್ಲಿಸಿದ. ಮೆಟ್ಟಿಲು ಹಾರಿಕೊಂಡು ಕೆಳಗಿಳಿದು, ನೀರಿಗೆ ಬಿದ್ದು ಫುಟ್‌ವಾಲ್ ತಡವಿದ. ಚೀಲದ ಬಾಯಿ ಪಟ್ಟಿ ಮಾತ್ರ ಉಳಿದಿತ್ತು. ಸೆಲೆಯ ಜೊತೆ ಎದ್ದ ಮರಳು ಉಜ್ಜಿ ಉಜ್ಜಿ ಹುರಿಯನ್ನು ತಿಂದು ಹಾಕಿತ್ತು, ಮಿಕ್ಕದ್ದನ್ನು ಪಂಪು ಒಳಕ್ಕೆ ಎಳೆದುಕೊಂಡಿತ್ತು. ಸಗಣಿ ಮೆತ್ತುತ್ತ ಕಳೆದ ಹೊತ್ತೆಲ್ಲ ದಂಡವಾಗಿತ್ತು.

ತಿಮ್ಮ ಅವನ ತೋಳು ಹಿಡಿದುಕೊಂಡ. ತುಟಿ ನೀಲಿಯಾಗಿತ್ತು. "ಭಾವ, ಪಂಪ್ ಬಿಚ್ಚು. ಬಿಚ್ಚಿದ್ ಮೇಲೆ ಅಕ್ಕಂಗೆ ನಾರು ಅಂತ ಹೇಳ್ಬ್ಯಾಡ. ಕಲ್ಲು ಸಿಕ್ಕಾಕ್ಕೊಂಡಿತ್ತು ಅನ್ನು."

"ಮುಚ್ಲಾ ಬಾಯಿ! ನೀನೇ ಬಂದು ಹೇಳ್ವಂತೆ."

"ಆಣೆ ಮಾಡು ಭಾವ. ಅದನ್ನ ಹೆಣೆದೋಳು ಅಕ್ಕ."

"ಆಯ್ತು ಕಣ್ಲಾ, ಆಣೆಗೂ," ಎಂದು ಹುಚ್ಚರಂಗಯ್ಯ ಅವನ ನೆತ್ತಿ ಮುಟ್ಟಿದ. ಪಕ್ಕದಲ್ಲಿ ತೇಲುತ್ತಿದ್ದ ಮಣ್ಣು ಹೊರುವ ಬಿದಿರ ಕುಕ್ಕೆಯನ್ನು ಎಳೆದು ಫುಟ್‌ವಾಲಿನ ಬಾಯಿಗೆ ಕಟ್ಟಿ ಮೇಲಕ್ಕೋಡಿದ. ಆ ಕುಕ್ಕೆಯೇ ಸಾಕಾಗಿತ್ತು, ಮೊದಲಿಂದಲೂ!

ಅವನು ಕಟ್ಟೆ ಹತ್ತುವ ಹೊತ್ತಿಗೆ ಬುತ್ತಿ ತಂದಿದ್ದ ಭೈರಮ್ಮ ಮೆಟ್ಟಿಲಿಳಿದು ಬಂದಿದ್ದಳು. ತಮ್ಮನನ್ನು ಕಂಡಳು. ಕೆಳಗಿಳಿಯಲು ಹೋದವಳನ್ನು ಅವನು ತಡೆದ.

"ಇಲ್ಲೇ ಇರು. ನಿನ್ನಿಂದ ಇಲ್ಲಿ ಕೆಲಸ ಐತೆ."

ಮುಚ್ಚಳದ ನಟ್ಟುಗಳಿಗೆ ಸ್ಪ್ಯಾನರ್ ಹಾಕಿದ. ಎಷ್ಟು ಕಾಲದಿಂದ ಬಿಚ್ಚಿರಲಿಲ್ಲವೋ ಏನೋ! ಓಡುವ ಪಂಪನ್ನು ಯಾರು ಬಿಚ್ಚಿ ನೋಡುತ್ತಾರೆ? ಒಂದೊಂದಕ್ಕೂ ತುಕ್ಕು ಕಚ್ಚಿತ್ತು. ಕಲ್ಲು ತೆಗೆದುಕೊಂಡು ಸ್ಪ್ಯಾನರಿನ ಹಿಡಿಗೆ ಜಜ್ಜಿದ. ದೇವರನ್ನು ಬೈದ, ಮರುಳಸಿದ್ದಯ್ಯನ ಸಸಿಗಳನ್ನು ಬೈದ, ತನ್ನನ್ನು ಬೈದುಕೊಂಡ. ಬೆರಳ ಗಂಟಿನ ಚರ್ಮ ಕಿತ್ತು ಬಂತು. ಕೊನೆಯ ನಟ್ಟು ಜಪ್ಪಯ್ಯ ಎನ್ನಲಿಲ್ಲ. ಅದರ ತಲೆಯನ್ನೇ ಉಳಿ ಇಟ್ಟು ಹಾರಿಸಿದ.

"ಬಾಯಿಗೆ ಬಂತು ಕಣಪ್ಪೋ ನೀರು!" ಎಂದು ಕೆಳಗಿಂದ ಮರುಳಸಿದ್ದಯ್ಯ ಕೂಗಿದ. ಆ ದಢೂತಿ ಮನುಷ್ಯ ಯಾವಾಗ ಕೆಳಗಿಳಿದಿದ್ದನೋ, ತಿಮ್ಮನ ತಲೆಯನ್ನು ಹಿಂದಕ್ಕೆ ಬಾಗಿಸಿ ಎರಡೂ ಕೈಯಲ್ಲಿ ಎತ್ತಿ ಹಿಡಿದು ನಿಂತಿದ್ದ.

ಪಂಪು ಎತ್ತಿದ ನೀರಿನಲ್ಲೇ ಒಂದು ಪಾಲು ಸಣ್ಣ ರಬ್ಬರ್ ಕೊಳವೆಯಲ್ಲಿ ಹಾಯ್ದು ಎಂಜಿನ್ನಿನ ಮೈ ತಣಿಸುತ್ತದೆ. ಅದಿಲ್ಲದಿದ್ದರೆ ಎಂಜಿನ್ ಕಾದು ಕಚ್ಚಿಕೊಂಡು ನಿಂತುಬಿಡುತ್ತದೆ. ಹುಚ್ಚರಂಗಯ್ಯ ಆ ಕೊಳವೆಯನ್ನು ಕಿತ್ತು ಕೆಳಕ್ಕೆಸೆದ. "ಬಾಯಾಗೆ ಕಚ್ಕೊಳ್ಳಿ ಅಂತ ಹೇಳಿ! ಮೂಗು ಮುಚ್ಚಿ! ಈಚೆ ತುದಿ ಮೇಲಕ್ಕೆ ಹಿಡೀರಿ!" ತಿಮ್ಮ ಕಚ್ಚಿಕೊಂಡ. ನೀರು ಅವನ ಮುಖವನ್ನು ಮುಚ್ಚಿತು. ಕೊಳವೆಯ ತುದಿಯಿಂದ ಉಸಿರು ಬಂದು ಹೋಗುವ ಸದ್ದನ್ನು ಬಾವಿಯಲ್ಲಿದ್ದ ಎಲ್ಲರೂ ಕೇಳಿಸಿಕೊಂಡರು.

ಮುಚ್ಚಳ ಬಂತು. ಇಂಪೆಲ್ಲರಿನ ನಡುವಿನ ತೂತಿನ ತುಂಬ ನಾರು ಗಿಡಿದಿತ್ತು. ಒಂದೊಂದು ರೆಕ್ಕೆಗೂ ಸುತ್ತಿಕೊಂಡು ಬಿಗಿದಿತ್ತು. ಭೈರಮ್ಮ ಹಿಂದೆಯೇ ನಿಂತಿದ್ದಳು. ಅವನು ಮಂಡಿಯೂರಿ, ಬೆನ್ನು ಅಡ್ಡ ಮಾಡಿ, ಕುಡುಗೋಲಿನ ಮೊನೆಯಿಂದ ಕೊಯ್ದು ಕೊಯ್ದು ಎಳೆದ. ಎಂಥ ಗಟ್ಟಿ ಹುರಿ! ಬಂದದ್ದನ್ನೆಲ್ಲ ಮುದುರಿ ಪಂಚೆಯ ಮಡಿಕೆಗೆ ತುರುಕಿಕೊಂಡ. ಚಕ್ರ ಬೆರಳಿಗೆ ಸಲೀಸಾಗಿ ತಿರುಗಿದಾಗ ಅವನು ಅತ್ತುಬಿಟ್ಟ.

ಗಾಳಿ ಹೊಗದಂತೆ ಮುಚ್ಚಳದಡಿ ಇಡುವ ಪ್ಯಾಕಿಂಗ್ ಹರಿದಿತ್ತು. "ಬಟ್ಟೆ!" ಎಂದ. ಭೈರಮ್ಮ ಸೆರಗಿನ ಅಂಚು ಚರ್ರನೆ ಹರಿದು ಕೊಟ್ಟಳು. ಗ್ರೀಸು ಮೆತ್ತಿ ಸುತ್ತಿ, ಮುಚ್ಚಳ ಒತ್ತಿ, ಸಿಕ್ಕ ನಟ್ಟುಗಳನ್ನು ಬಿಗಿದ. ನೀರು ತುಂಬಿದ. "ಎಂಜಿನ್ ಮೇಲೆ ನೀರು ಹುಯ್ತಾನೇ ಇರು, ಬುಡಬ್ಯಾಡ. ಈ ತೂತಿಗೆ ಹುಯ್ಯಿ. ನೀನು ನಿಲ್ಲಿಸಿದ್ರೆ ಅದೂ ನಿಲ್ತದೆ," ಎಂದು ಬಿಂದಿಗೆಯನ್ನು ಅವಳ ಕೈಗಿಟ್ಟು ಹ್ಯಾಂಡಲ್ ಹೊಡೆದ. ಮೊದಲ ಸಲ ಹತ್ತಲಿಲ್ಲ. ಎರಡನೆಯ ಸಲ ಹ್ಯಾಂಡಲ್ ತಿರುಗಿ ಅವನ ಮಣಿಕಟ್ಟಿಗೇ ಬಡಿಯಿತು. ಮೂರನೆಯ ಸಲ ಎಂಜಿನ್ ಗುಡುಗಿತು. ಭಾರ ಹೊತ್ತ ಸದ್ದು! ಮೇಲೆ ಕಾಲುವೆಗೆ ನೀರು ದಬದಬ ಬಿತ್ತು. ಮೇಲಿನವರು ಹೋ ಎಂದು ಕೂಗಿದರು.

ಭೈರಮ್ಮ ಹುಯ್ದಳು. ಮೆಟ್ಟಿಲ ಮೇಲೆ ನಿಂತವರು ಬಿಂದಿಗೆ ತುಂಬಿ ಕೊಟ್ಟ ಹಾಗೆಲ್ಲ ಹುಯ್ದಳು. ಕಾದ ಎಂಜಿನ್ನಿನಿಂದ ಹಬೆಯೆದ್ದು ಅವಳ ಕೈ ಸುಟ್ಟಿತು, ಹುಯ್ಯುವುದನ್ನು ಬಿಡಲಿಲ್ಲ. ನೀರು ಇಳಿಯತೊಡಗಿತು. ತಿಮ್ಮನ ಹಣೆ ಕಂಡಿತು. ಕಣ್ಣು ಕಂಡಿತು. ಮರುಳಸಿದ್ದಯ್ಯ ಕೊಳವೆಯ ತುದಿಯನ್ನು ಕಿವಿಗೆ ಹಿಡಿದುಕೊಂಡು ನಿಂತಿದ್ದ.

"ಉಸಿರು ನಿಂತೋಯ್ತು ಕಣ್ರಪ್ಪ," ಎಂದ. "ಎಂಜಿನ್ ಹತ್ತೋ ಮುಂಚೇನೇ, ಉಸಿರು ಎಳೆಯಕ್ಕೆ ಶಕ್ತಿ ಸಾಲ್ದೆ ನಿಂತೋಯ್ತು. ಹೇಳಕ್ಕೆ ಬಾಯಿ ಬರ್ಲಿಲ್ಲ."

ತಿಮ್ಮ ಕೊಳವೆಯನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಇದ್ದ. ಕಟ್ಟೆಯ ಮೇಲೆ ಭೈರಮ್ಮನಿಗೆ ಎಂಜಿನ್ನಿನ ಸದ್ದಿನಲ್ಲಿ ಕೇಳಿಸಲಿಲ್ಲವೋ, ಕೇಳಿಸಿತೋ, ಅವಳು ಇನ್ನೂ ನೀರು ಹುಯ್ಯುತ್ತಲೇ ಇದ್ದಳು. ಹುಚ್ಚರಂಗಯ್ಯ ಅವಳ ಕೈಯಿಂದ ಬಿಂದಿಗೆ ಕಿತ್ತುಕೊಳ್ಳಬೇಕಾಯಿತು.

ಕಲ್ಲು ಸೀಳಿ ಹೊರತೆಗೆದು ತೆಂಗಿನ ಸಸಿಗಳ ನಡುವೆ ಅವನನ್ನು ಮಲಗಿಸಿದರು. ಭೈರಮ್ಮ ತಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಅವನ ಕೂದಲಿನ ಮರಳನ್ನು ಬೆರಳಲ್ಲಿ ಬಿಡಿಸುತ್ತ ಗಂಡನ ಕಡೆ ನೋಡಿದಳು.

"ಯಾತಕ್ಕೆ ನಿಂತಿತ್ತು ಪಂಪು?"

"ಕಲ್ಲು," ಎಂದ ಹುಚ್ಚರಂಗಯ್ಯ. "ಒಳಗೆ ಒಂದು ಕಲ್ಲು ಸಿಕ್ಕಾಕ್ಕೊಂಡಿತ್ತು ಕಣೇ."

ಅವಳು ಅವನ ಮುಖವನ್ನೇ ನೋಡಿದಳು. ಆಮೇಲೆ ತಮ್ಮನ ಕೂದಲಿಗೆ ತಿರುಗಿದಳು. ಮತ್ತೆಂದೂ ಆ ಮಾತು ಕೇಳಲಿಲ್ಲ. ಪಂಚೆಯ ಮಡಿಕೆಯಲ್ಲಿದ್ದ ನಾರನ್ನು ಅವನು ಹಿತ್ತಿಲ ತೆಂಗಿನ ಬುಡದಲ್ಲಿ ಹೂತ. ಯಾರೂ ನೋಡಲಿಲ್ಲ ಎಂದುಕೊಂಡ.

ಅವತ್ತಿಂದ ಹುಚ್ಚರಂಗಯ್ಯ ಬಿಚ್ಚಿ ನೋಡದೆ ಯಾವ ಪಂಪನ್ನೂ ಓಡಿಸಿಲ್ಲ. ಕರೆಂಟು ಬಂತು, ಮೋಟಾರು ಬಂತು, ಅವನ ಎಂಜಿನ್ ಮೂಲೆ ಸೇರಿತು. ಪಂಪು ಓಡಿಸುವುದಕ್ಕೆ, ರಿಪೇರಿಗೆ ಈಗಲೂ ಕರೆಯುತ್ತಾರೆ. ಬೈಯುತ್ತಾರೆ, ಆದರೂ ಕರೆಯುತ್ತಾರೆ. ಕೇಳಿದವರಿಗೆಲ್ಲ ಕಲ್ಲು ಹುಡುಕುತ್ತೇನೆ ಎನ್ನುತ್ತಾನೆ. ಸತ್ತವನಿಗೆ ಕೊಟ್ಟ ಮಾತನ್ನು ಊರಿಗೆಲ್ಲ ಹೇಳಿ ಹೇಳಿ ಗಟ್ಟಿ ಮಾಡಿಕೊಳ್ಳುತ್ತಾನೆ ಅನ್ನಿ.

ಮೊನ್ನೆ ಬೇಸಗೆಯಲ್ಲಿ, ಪಕ್ಕದ ಮನೆಯ ಸುವರ್ಣಮ್ಮ ಒಂದು ಹೊರೆ ನಾರು ತಂದು ಜಗುಲಿಯ ಮೇಲೆ ಹಾಕಿದಳು. ಅವಳು ಆ ಊರಿಗೆ ಹೊಸದಾಗಿ ಬಂದ ಸೊಸೆ. "ಭೈರಮ್ಮತ್ತೆ, ನಮ್ಮ ಹಸೂನ ಕಟ್ಟಕ್ಕೆ ಒಂದು ಕಣ್ಣಿ ಹೊಸೆದು ಕೊಡಿ. ನಿಮ್ಮಂಗೆ ಹೊಸೆಯೋರು ಈ ಸೀಮೇಲೇ ಇಲ್ವಂತೆ."

ಒಳಗೆ ಸ್ಪ್ಯಾನರುಗಳಿಗೆ ಎಣ್ಣೆ ಒರೆಸುತ್ತ ಕೂತಿದ್ದ ಹುಚ್ಚರಂಗಯ್ಯನಿಗೆ ಮಾತು ಕೇಳಿಸಿತು.

"ನಂಗೆ ಬರಲ್ಲ ಕಣವ್ವ," ಎಂದಳು ಭೈರಮ್ಮ.

"ಅಯ್ಯೋ, ಬರಲ್ಲ ಅಂತೀರಲ್ಲ! ನಮ್ಮತ್ತೆ ಹೇಳಿದ್ರು..."

"ಬರ್ತಿತ್ತು. ನನ್ ತಮ್ಮನ್ ಜೊತೇಲೇ ಹೋಯ್ತು. ತಗಂಡೋಗು ಮಗ, ನಾರು ಕಂಡ್ರೆ ಕೈ ನಡುಗ್ತದೆ."

ಹುಚ್ಚರಂಗಯ್ಯ ಸ್ಪ್ಯಾನರ್ ಕೆಳಗಿಟ್ಟ. ಮನೆಗೆ ಸಂತೆಯಿಂದ ಹಗ್ಗ ಬರುತ್ತಿದ್ದದ್ದು, ಮಟ್ಟೆಯೆಲ್ಲ ಒಲೆಗೆ ಹೋಗುತ್ತಿದ್ದದ್ದು, ಸಂಜೆ ಹೊತ್ತು ಅವಳು ಕೈ ಕಟ್ಟಿಕೊಂಡು ಕೂರುತ್ತಿದ್ದದ್ದು, ಎಲ್ಲ ದುಃಖದಿಂದ ಎಂದುಕೊಂಡಿದ್ದ. ಅವನ ಬೆನ್ನ ಹಿಂದೆ ನಿಂತು ಅವಳು ಎಲ್ಲವನ್ನೂ ನೋಡಿದ್ದಳು. ನೋಡಿಯೂ ತಾನೇ ಕೊಂದೆ ಎಂಬ ಕೊರಗನ್ನು ಇಷ್ಟು ವರ್ಷ ಒಬ್ಬಳೇ ನುಂಗಿದ್ದಳು. ಹೆಣೆದು ಕೊಡು ಎಂದವನು ಅವನು, ಬೇಡ ಎಂದವಳು ಅವಳು! ಅದನ್ನಾದರೂ ಹೇಳಬೇಕಿತ್ತಲ್ಲ, ಅವನ ಮುಖಕ್ಕೆ ಉಗಿದು ಹೇಳಬೇಕಿತ್ತಲ್ಲ!

ಸುವರ್ಣಮ್ಮ ಹೋದ ಮೇಲೆ ಅವನು ಗೋಡೆ ಹಿಡಿದುಕೊಂಡು ಹೊರಗೆ ಬಂದ.

"ಭೈರಿ, ಅವತ್ತು ಆ ಪಂಪಿನಾಗೆ..."

"ಕಲ್ಲು," ಎಂದಳು ಅವಳು, ಅವನ ಮಾತು ಮುಗಿಯಲು ಬಿಡದೆ. "ನೀವೇ ಹೇಳಿದ್ರಲ್ಲ. ಕಲ್ಲೇ ಇರ್ಲಿ ಬುಡಿ. ಕೈ ತೊಳ್ಕಳಿ, ಮುದ್ದೆ ಆರ್ತದೆ."